ಬೆಳ್ಳಗಿರುವುದೆಲ್ಲಾ ಹಾಲಲ್ಲ

ಭಟ್ಕಳದ ಹಳೆಯ ಕೇರಿಯೊಂದರಲ್ಲಿ ನಮ್ಮ ಪರಿಚಯದವರ ಮನೆಯೊಂದಿತ್ತು. ಕೆಂಪು ಕಲ್ಲಿನ ದಪ್ಪ ಗೋಡೆ, ಮಂಗಳೂರು ಹೆಂಚಿನ ಮಾಡು, ಒಳಕೋಣೆಗಳ ಮೇಲೆ ಮರದ ಹಲಗೆಯ ಅಟ್ಟ. ತಂದೆ-ತಾಯಿ ತೀರಿಕೊಂಡ ಮೇಲೆ ಅದು ನಾಲ್ಕು ಮಂದಿ ಮಕ್ಕಳಿಗೆ ಬಂತು. ಹಿರಿಯ ಮಗ ದುಬೈಯಲ್ಲಿ, ಕಿರಿಯವನು ಜುಬೈಲಿನಲ್ಲಿ. ಒಬ್ಬ ಮಗಳನ್ನು ಕುಮಟಾಕ್ಕೆ ಕೊಟ್ಟಿದೆ. ಇನ್ನೊಬ್ಬಳು ಹೊನ್ನಾವರದಲ್ಲಿ, ಗಂಡನನ್ನು ಕಳಕೊಂಡು ಮಗಳೊಬ್ಬಳನ್ನು ಓದಿಸುತ್ತಿದ್ದಾಳೆ. ಮನೆ ಮಾರಿ ಪಾಲು ಹಂಚಿಕೊಳ್ಳುವುದೆಂದು ಎಲ್ಲರೂ ಒಪ್ಪಿದರು.

ಮಾರುವವರಲ್ಲಿ ಇಬ್ಬರು ಗಲ್ಫಿನಲ್ಲಿ, ಕೊಳ್ಳಲು ಮುಂದೆ ಬರುವವರೂ ಹೆಚ್ಚಾಗಿ ಗಲ್ಫಿನಲ್ಲಿ. ಹಾಗಾಗಿ ಮಾತುಕತೆ ನಡೆದದ್ದು ಫೋಟೋಗಳ ಮೇಲೆ. ಮೊದಲು ಸಂಬಂಧಿಕರ ಹುಡುಗನೊಬ್ಬ ಮೊಬೈಲಿನ ದೀಪ ಹಾಕಿ ನಾಲ್ಕಾರು ಫೋಟೋ ತೆಗೆದು ಕಳುಹಿಸಿದ. ಅದನ್ನು ನೋಡಿ ಅಣ್ಣ, “ಇದು ನಾವು ಹುಟ್ಟಿ ಬೆಳೆದ ಮನೆಯೋ ಗುಹೆಯೋ?” ಎಂದರಂತೆ. ಬೇಸಿಗೆಯಲ್ಲಿ ಗೋಡೆಗೆ ಸುಣ್ಣ-ಬಣ್ಣ ಮಾಡಿಸಿ, ದೊಡ್ಡ ಫ್ಲ್ಯಾಶ್ ದೀಪಗಳಿದ್ದ ಒಬ್ಬರನ್ನು ಕರೆಸಿ ಮತ್ತೆ ಫೋಟೋ ತೆಗೆಸಿದರು. ಈ ಸಲ ಮನೆ ಹಾಲಿನಲ್ಲಿ ತೊಳೆದಂತೆ ಬಂತು. ಒಬ್ಬರು ಅಲ್ಲಿಂದಲೇ ಒಪ್ಪಿ ಮುಂಗಡ ಕಳುಹಿಸಿದರು. ಹೊನ್ನಾವರದ ತಂಗಿ ತನ್ನ ಪಾಲಿಗೆ ಬಂದ ಮುಂಗಡದಲ್ಲಿ ಮಗಳ ಕಾಲೇಜಿನ ಶುಲ್ಕ ಕಟ್ಟಿದಳು.

ಜುಲೈ ತಿಂಗಳಲ್ಲಿ ಕೊಳ್ಳುವವರು ರಜೆಗೆ ಬಂದರು. ಹೊರಗೆ ಮಳೆ ಸುರಿಯುತ್ತಿತ್ತು. ಒಳಕೋಣೆಯ ಪಡುವಣ ಗೋಡೆಗೆ ಕೈಯಿಟ್ಟರೆ ಅಂಗೈ ಒದ್ದೆಯಾಯಿತು. ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. “ಫೋಟೋದಲ್ಲಿ ಇದು ಇರಲಿಲ್ಲವಲ್ಲ” ಎಂದರು. ಮುಂಗಡ ವಾಪಸು ಕೇಳಿದರು. ಮೋಸ ಎಂಬ ಮಾತೂ ಬಂತು.

ಆ ತಂಗಿ ನನ್ನೆದುರು ಕೂತು ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ. “ಆಪಾ, ನಾವು ಒಂದು ಸುಳ್ಳನ್ನೂ ಹೇಳಲಿಲ್ಲ. ಕ್ಯಾಮರಾ ಕಂಡದ್ದನ್ನೇ ತೆಗೆಯುತ್ತದಲ್ಲ? ಮತ್ತೆ ಮೋಸ ಎಲ್ಲಿಂದ ಬಂತು?”

ಈ ತಿಂಗಳ ಬರಹ ಅವಳ ಪ್ರಶ್ನೆಗೆ ಉತ್ತರ. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳು ಇಂದು ಮೊಬೈಲಿನ ಪರದೆಯ ಮೇಲೆಯೇ ಮಾರಾಟವಾಗುತ್ತವೆ, ಬಾಡಿಗೆಗೆ ಹೋಗುತ್ತವೆ. ಮನೆಯ ಒಳಗನ್ನು ಚೆನ್ನಾಗಿ ಬಲ್ಲವರು ನಾವು ಹೆಂಗಸರು. ಹಾಗಿರುವಾಗ ಅದಕ್ಕೆ ಬೆಳಕು ಕೊಡುವ ವಿಧಾನವನ್ನೂ ನಾವು ತಿಳಿದಿದ್ದರೆ ಒಳ್ಳೆಯದು.

ಎದುರಿನ ಬೆಳಕು ಏನು ಮುಚ್ಚುತ್ತದೆ?

ಅಕ್ಕಿ ಆರಿಸುವಾಗ ನಾವು ಮೊರವನ್ನು ಬೆಳಕಿಗೆ ಸ್ವಲ್ಪ ಓರೆ ಮಾಡಿ ಹಿಡಿಯುತ್ತೇವೆ. ಓರೆ ಬೆಳಕಿನಲ್ಲಿ ಪ್ರತಿ ಕಾಳಿಗೂ ಒಂದು ನೆರಳು ಬೀಳುತ್ತದೆ. ಕಲ್ಲು ಬೇರೆ, ಅಕ್ಕಿ ಬೇರೆ ಎಂದು ಗೊತ್ತಾಗುತ್ತದೆ. ಗೋಡೆಯದೂ ಇದೇ ಕತೆ. ಬೆಳಕು ಪಕ್ಕದಿಂದ ಬಂದರೆ ಸಣ್ಣ ಬಿರುಕು, ಗುಳ್ಳೆ, ಉಬ್ಬು ಎಲ್ಲವೂ ನೆರಳು ಮಾಡಿ ತಮ್ಮ ಇರವನ್ನು ಹೇಳುತ್ತವೆ. ಬೆಳಕು ಕ್ಯಾಮರಾದ ಹಣೆಯಿಂದ ನೇರವಾಗಿ ಬಡಿದರೆ ನೆರಳು ಗುಳ್ಳೆಯ ಹಿಂದಕ್ಕೇ ಬೀಳುತ್ತದೆ, ನಮಗೆ ಕಾಣುವುದಿಲ್ಲ. ಮೇಲಿನಿಂದ ಬೆಳಕು ಹೆಚ್ಚಾಯಿತೆಂದರೆ ತೇವದ ತೆಳು ಕಲೆಯೂ ಬಿಳುಪಿನಲ್ಲಿ ಕರಗಿಹೋಗುತ್ತದೆ. ಕ್ಯಾಮರಾ ಸುಳ್ಳು ಹೇಳಲಿಲ್ಲ ನಿಜ. ಆದರೆ ನಾವು ದೀಪವನ್ನು ಎಲ್ಲಿಟ್ಟೆವೋ ಅದು ಅರ್ಧ ಸತ್ಯವನ್ನಷ್ಟೇ ಹೇಳಿತು.

ಎದುರಿನ ಫ್ಲ್ಯಾಶಿಗೆ ಇನ್ನೊಂದು ದೋಷವಿದೆ. ಬೆಳಕು ದೂರ ಹೋದಂತೆ ಬಹಳ ಬೇಗ ಸೊರಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು, ಮೂರು ಪಟ್ಟಾದರೆ ಒಂಬತ್ತನೇ ಒಂದು. ಕ್ಯಾಮರಾದಿಂದ 4 ಅಡಿ ದೂರದಲ್ಲಿ ಕುರ್ಚಿ, 12 ಅಡಿ ದೂರದಲ್ಲಿ ಗೋಡೆ ಇದೆಯೆನ್ನಿ. ಕುರ್ಚಿಗೆ ಬಿದ್ದ ಬೆಳಕಿನ ಒಂಬತ್ತನೇ ಒಂದು ಪಾಲು ಮಾತ್ರ ಗೋಡೆಗೆ ತಲಪುತ್ತದೆ. ಕುರ್ಚಿ ಬೆಳ್ಳಗೆ, ಗೋಡೆ ಕಪ್ಪಗೆ. ಮೊದಲ ಸಲದ ಫೋಟೋ ಗುಹೆಯಂತೆ ಕಂಡದ್ದು ಹೀಗೆ. ಮೊಬೈಲಿನ ಪುಟ್ಟ ದೀಪಕ್ಕಂತೂ ಒಂದು ಕೋಣೆಯನ್ನು ತುಂಬುವ ಶಕ್ತಿಯೇ ಇಲ್ಲ.

ನಲ್ಲಿಯ ನೀರು, ಕೊಡದ ನೀರು

ಫ್ಲ್ಯಾಶೇ ಬೇಡ, ಕಿಟಕಿಯ ಬೆಳಕು ಸಾಲದೇ ಎಂದು ನೀವು ಕೇಳಬಹುದು. ಹಗಲಿನಲ್ಲಿ ಹೊರಗಿನ ಬೆಳಕು ಒಳಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಮ್ಮ ಕಣ್ಣು ಎರಡನ್ನೂ ಸಂಭಾಳಿಸುತ್ತದೆ, ಕ್ಯಾಮರಾಕ್ಕೆ ಆ ಚಾಕಚಕ್ಯತೆ ಇಲ್ಲ. ಕಿಟಕಿಯಾಚೆಯ ತೆಂಗಿನ ತೋಟ ಕಾಣುವಂತೆ ತೆಗೆದರೆ ಕೋಣೆ ಕತ್ತಲೆ. ಕೋಣೆ ಕಾಣುವಂತೆ ತೆಗೆದರೆ ಕಿಟಕಿ ಬಿಳಿ ಕಾಗದ. ಈಗಿನ ಮೊಬೈಲುಗಳು ಹಲವು ಫೋಟೋಗಳನ್ನು ಒಟ್ಟು ಸೇರಿಸಿ ಇದನ್ನು ಸ್ವಲ್ಪ ಮಟ್ಟಿಗೆ ಸರಿಮಾಡುತ್ತವೆ. ಆದರೂ ಒಂದೇ ಕಿಟಕಿಯ ಒಳಕೋಣೆಯಲ್ಲಿ ಫ್ಲ್ಯಾಶಿನಷ್ಟು ಚೊಕ್ಕಟವಾಗಿ ಬರುವುದಿಲ್ಲ.

ಇದರ ಗುಟ್ಟನ್ನು ಅಡುಗೆಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ಕ್ಯಾಮರಾ ಒಂದು ಪಾತ್ರೆ ಎಂದುಕೊಳ್ಳಿ. ಕಿಟಕಿಯ ಬೆಳಕು ಸಣ್ಣಗೆ ಬಿಟ್ಟ ನಲ್ಲಿಯ ನೀರು. ಪಾತ್ರೆಯ ಮುಚ್ಚಳ ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ನೀರು ಒಳಗೆ ಬೀಳುತ್ತದೆ. ಆ ಮುಚ್ಚಳವೇ ಶಟರ್. ಫ್ಲ್ಯಾಶ್ ಎಂದರೆ ಒಂದು ಕೊಡ ನೀರನ್ನು ಒಮ್ಮೆಲೇ ಸುರಿದಂತೆ. ಅದು ಮಿಂಚಿ ಮುಗಿಯಲು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಸಾಕು. ಆದ್ದರಿಂದ ಮುಚ್ಚಳ ಸ್ವಲ್ಪ ಹೊತ್ತು ತೆರೆದಿರಲಿ, ತುಸು ಹೆಚ್ಚು ಹೊತ್ತು ತೆರೆದಿರಲಿ, ಕೊಡದ ನೀರು ಅಷ್ಟೇ. ಪಾತ್ರೆಯ ಬಾಯಿಯನ್ನು ಕಿರಿದು ಮಾಡಿದರೆ ಮಾತ್ರ ಎರಡೂ ಕಡಿಮೆಯಾಗುತ್ತವೆ. ಆ ಬಾಯಿಗೆ ಅಪರ್ಚರ್ ಎನ್ನುತ್ತಾರೆ.

ಇಷ್ಟು ತಿಳಿದರೆ ಮುಕ್ಕಾಲು ಕೆಲಸ ಮುಗಿಯಿತು. ಶಟರಿನಿಂದ ಕಿಟಕಿಯ ಬೆಳಕನ್ನು ಹದ ಮಾಡಿ, ಫ್ಲ್ಯಾಶಿನ ಶಕ್ತಿಯಿಂದ ಕೋಣೆಯ ಬೆಳಕನ್ನು ಹದ ಮಾಡಿ. ಮೊದಲು ಫ್ಲ್ಯಾಶ್ ಹಾಕದೆ ಒಂದು ಫೋಟೋ ತೆಗೆಯಿರಿ. ಮೋಡದ ದಿನವಾದರೆ ಐಎಸ್‌ಒ 400, ಎಫ್ 8, ಶಟರ್ 1/160 ಸೆಕೆಂಡ್ ಎಂದು ಶುರು ಮಾಡಬಹುದು. ಕಿಟಕಿಯಾಚೆಯ ಹಸಿರು ಕಾಣಬೇಕು. ಕೋಣೆ ಕತ್ತಲಾಗಿದ್ದರೆ ಚಿಂತೆಯಿಲ್ಲ. ಆಮೇಲೆ ಫ್ಲ್ಯಾಶನ್ನು ಎಂಟನೇ ಒಂದು ಶಕ್ತಿಗೆ ಇಟ್ಟು ತೆಗೆಯಿರಿ. ಸಾಲದಿದ್ದರೆ ನಾಲ್ಕನೇ ಒಂದು, ಮತ್ತೂ ಸಾಲದಿದ್ದರೆ ಅರ್ಧ. ಉಪ್ಪು ಹಾಕಿದ ಹಾಗೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಿ. ಒಂದು ಎಚ್ಚರಿಕೆ: ಸಾಮಾನ್ಯವಾಗಿ ಕ್ಯಾಮರಾಗಳಲ್ಲಿ ಫ್ಲ್ಯಾಶ್ ಬಳಸುವಾಗ ಶಟರ್ ವೇಗ 1/200 ಅಥವಾ 1/250 ಸೆಕೆಂಡನ್ನು ಮೀರಬಾರದು. ಮೀರಿದರೆ ಫೋಟೋದ ಒಂದು ಭಾಗದಲ್ಲಿ ಕಪ್ಪು ಪಟ್ಟಿ ಬರುತ್ತದೆ.

ನಡು ಮಧ್ಯಾಹ್ನದ ಬಿಸಿಲು ಈ ಕೆಲಸಕ್ಕೆ ಒಳ್ಳೆಯದಲ್ಲ. ಮುಂಜಾನೆ, ಸಂಜೆ ಅಥವಾ ಮೋಡ ಕವಿದ ಹೊತ್ತು ಒಳಗೂ ಹೊರಗೂ ಅಂತರ ಕಡಿಮೆ. ನಮ್ಮ ಕರಾವಳಿಗೆ ಅಂಥ ಹೊತ್ತಿನ ಬರವಿಲ್ಲ.

ಚಾವಣಿಯನ್ನೇ ದೀಪ ಮಾಡಿ

ಫ್ಲ್ಯಾಶಿನ ಮುಖವನ್ನು ಕೋಣೆಯ ಕಡೆಗೆ ತಿರುಗಿಸಬೇಡಿ. ಚಾವಣಿಗೆ ಅಥವಾ ನಿಮ್ಮ ಬೆನ್ನ ಹಿಂದಿನ ಗೋಡೆಯ ಮೇಲ್ಭಾಗಕ್ಕೆ ತಿರುಗಿಸಿ. ಆಗ ಬೆಳಕು ಅಲ್ಲಿ ಬಡಿದು, ಹರಡಿ, ಮೆತ್ತಗೆ ಕೆಳಗಿಳಿಯುತ್ತದೆ. ಅಂಗೈಯಗಲದ ದೀಪ ಚಾವಣಿಯಗಲದ ದೀಪವಾಗುತ್ತದೆ. ಹತ್ತಿರದ ಕುರ್ಚಿಗೂ ದೂರದ ಗೋಡೆಗೂ ಬೆಳಕು ಹೆಚ್ಚುಕಡಿಮೆ ಸಮವಾಗಿ ಸಿಗುತ್ತದೆ. ಹಳೆಯ ಮನೆಗಳ ಮಾಡಿನಲ್ಲಿ ನಡುನಡುವೆ ಗಾಜಿನ ಹೆಂಚು ಇಡುತ್ತಿದ್ದರಲ್ಲ, ಅದರ ಕೆಳಗೆ ಕೂತು ಓದಿದವರಿಗೆ ಮೇಲಿನಿಂದ ಇಳಿಯುವ ಬೆಳಕಿನ ಸುಖ ಗೊತ್ತು.

ಹೊಸ ತಾರಸಿ ಮನೆಗಳಲ್ಲಿ ಬಿಳಿ ಚಾವಣಿ ಇರುವುದರಿಂದ ಇದು ಸುಲಭ. ಹಳೆಯ ಮನೆಗಳಲ್ಲಿ ಎರಡು ತೊಂದರೆ. ಹಲಗೆಯ ಅಟ್ಟ ಬೆಳಕನ್ನು ನುಂಗುತ್ತದೆ. ತಿರುಗಿ ಬರುವ ಸ್ವಲ್ಪ ಬೆಳಕೂ ಕಂದು ಬಣ್ಣದ್ದು. ಬರೀ ಹೆಂಚಿನ ಮಾಡಾದರೆ ಬೆಳಕು ಎತ್ತರಕ್ಕೆ ಹೋಗಿ ಕಳೆದುಹೋಗುತ್ತದೆ. ಇದಕ್ಕೆ ಮನೆಯಲ್ಲೇ ಮದ್ದಿದೆ. ಒಗೆದ ಬಿಳಿ ಬೆಡ್‌ಶೀಟೊಂದನ್ನು ಕ್ಯಾಮರಾದ ಹಿಂದೆ ಹಗ್ಗಕ್ಕೆ ಹಾಕಿ ಫ್ಲ್ಯಾಶನ್ನು ಅದಕ್ಕೆ ತಿರುಗಿಸಿ. ದೊಡ್ಡ ಥರ್ಮೋಕೋಲ್ ಹಲಗೆಯೂ ಆದೀತು.

ಗೋಡೆಗೆ ಬಣ್ಣವಿದ್ದರೂ ಜಾಗ್ರತೆ ಬೇಕು. ಹಸಿರು ಗೋಡೆಗೆ ಬಡಿದ ಬೆಳಕು ಹಸಿರಾಗಿಯೇ ಮರಳುತ್ತದೆ, ಬಿಳಿ ಹಾಸಿಗೆಯೂ ಹಸಿರಾಗುತ್ತದೆ. ಅಂಥ ಕೋಣೆಯಲ್ಲೂ ಬಿಳಿ ಬಟ್ಟೆಯೇ ಗತಿ. ಕೋಣೆಯ ಹಳದಿ ಬಲ್ಬು, ಟ್ಯೂಬ್‌ಲೈಟುಗಳನ್ನು ಆರಿಸಿಬಿಡಿ. ಫ್ಲ್ಯಾಶಿನ ಬೆಳಕಿನ ಬಣ್ಣ ಹಗಲಿನ ಬೆಳಕಿಗೆ ಹತ್ತಿರ. ಅದರ ಜೊತೆ ಹಳದಿ ಬಲ್ಬೂ ಉರಿಯುತ್ತಿದ್ದರೆ ಒಂದೇ ಗೋಡೆ ಎರಡು ಬಣ್ಣದ್ದಾಗಿ ಕಾಣುತ್ತದೆ.

ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ, ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ, ಮೇಲಕ್ಕೂ ಕೆಳಕ್ಕೂ ಓರೆಯಾಗದಂತೆ ನಿಲ್ಲಿಸಿ. ಓರೆಯಾದರೆ ಬಾಗಿಲ ಚೌಕಟ್ಟು, ಗೋಡೆಯ ಮೂಲೆಗಳು ವಾಲಿದಂತೆ ಕಾಣುತ್ತವೆ. ಒಂದು ಕೋಣೆಯಿಂದ ಇನ್ನೊಂದು ಕೋಣೆ ಕಾಣುತ್ತಿದ್ದರೆ, ಅಲ್ಲಿ ಬಾಗಿಲ ಮರೆಯಲ್ಲಿ ಇನ್ನೊಂದು ಫ್ಲ್ಯಾಶ್ ಇಟ್ಟು ಒಟ್ಟಿಗೇ ಮಿಂಚುವಂತೆ ಮಾಡಬಹುದು. ಇಲ್ಲವಾದರೆ ಬಾಗಿಲಾಚೆ ಬರೀ ಕತ್ತಲೆಯ ಚೌಕ ಕಾಣುತ್ತದೆ.

ಕನ್ನಡಿ ಮತ್ತು ಮನೆಯ ಮಾನ

ಕನ್ನಡಿ, ಶೋಕೇಸಿನ ಗಾಜು, ಫ್ರೇಮು ಹಾಕಿದ ಚಿತ್ರ, ಹೊಳೆಯುವ ಟೈಲ್ಸು ಇವೆಲ್ಲ ಬೆಳಕನ್ನು ಬಂದ ಕೋನದಲ್ಲೇ ಆಚೆ ಬದಿಗೆ ತಿರುಗಿಸುತ್ತವೆ. ಎದುರಿಗೆ ನಿಂತರೆ ಫ್ಲ್ಯಾಶಿನ ಬಿಳಿ ಚುಕ್ಕೆ ಫೋಟೋದಲ್ಲಿ ಕೂರುತ್ತದೆ. ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹೋಗುತ್ತದೆ. ಆದರೆ ಕನ್ನಡಿಯಲ್ಲಿ ಬೀಳುವುದು ಫ್ಲ್ಯಾಶ್ ಮಾತ್ರವಲ್ಲ. ಬಾಗಿಲ ಮರೆಯಲ್ಲಿ ನಿಂತ ಸೊಸೆ, ಕೂದಲು ಬಿಚ್ಚಿಕೊಂಡ ಮಗಳು ಕೂಡ ಅದರಲ್ಲಿ ಮೂಡಬಹುದು. ಕಳುಹಿಸಿದ ಫೋಟೋ ಎಷ್ಟು ಮೊಬೈಲುಗಳನ್ನು ಸುತ್ತುತ್ತದೋ ಹೇಳುವವರಾರು? ಕಳುಹಿಸುವ ಮುಂಚೆ ಪ್ರತಿ ಫೋಟೋವನ್ನೂ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿ.

ಮನೆಯವರ ಭಾವಚಿತ್ರ, ಕಪಾಟಿನ ಮೇಲಿಟ್ಟ ಪಾಸ್‌ಪೋರ್ಟ್, ಔಷಧಿಯ ಚೀಟಿ, ಮಕ್ಕಳ ಶಾಲೆಯ ಹೆಸರಿರುವ ಸರ್ಟಿಫಿಕೇಟು ಎಲ್ಲವನ್ನೂ ತೆಗೆದಿಡಿ. ಕಿಟಕಿಯಿಂದ ನೆರೆಮನೆಯ ಹಿತ್ತಿಲು ಕಾಣುತ್ತದಾದರೆ ಅವರಿಗೂ ಒಂದು ಮಾತು ಹೇಳಿ. ಮೊಬೈಲಿನಲ್ಲಿ ಸ್ಥಳ ಗುರುತಿಸುವ ವ್ಯವಸ್ಥೆ ಚಾಲೂ ಇದ್ದರೆ ಮನೆ ಇರುವ ಜಾಗವೂ ಫೋಟೋದೊಳಗೆ ದಾಖಲಾಗುತ್ತದೆ, ಮೊದಲೇ ನಿಲ್ಲಿಸಿಬಿಡಿ. ಹೊರಗಿನ ಗಂಡಸು ಒಳಕೋಣೆಯಲ್ಲಿ ಓಡಾಡುವುದು ಎಷ್ಟೋ ಮನೆಗಳಿಗೆ ಇಷ್ಟವಿರುವುದಿಲ್ಲ. ಫೋಟೋ ತೆಗೆಯಲು ಕಲಿತ ಹೆಣ್ಣುಮಕ್ಕಳಿಗೆ ಇಲ್ಲೊಂದು ಗೌರವದ ದುಡಿಮೆಯೂ ಇದೆ.

ಕತ್ತಲೆ ಕೋಣೆಯನ್ನು ತೋರಿಸಿದ ಫ್ಲ್ಯಾಶ್

ಫ್ಲ್ಯಾಶ್ ಮನೆಯೊಳಗೆ ಕಾಲಿಟ್ಟ ಕತೆ ಸ್ವಾರಸ್ಯದ್ದು. 1887ರಲ್ಲಿ ಜರ್ಮನಿಯ ಇಬ್ಬರು ಮೆಗ್ನೀಷಿಯಂ ಪುಡಿಗೆ ಬೇರೆ ರಾಸಾಯನಿಕ ಬೆರೆಸಿ ಕ್ಷಣದಲ್ಲಿ ಉರಿದು ಬೆಳಗುವ ಮಿಶ್ರಣ ಮಾಡಿದರು. ಆ ಸುದ್ದಿ ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಅವರನ್ನು ತಲಪಿತು. ಅವರು ಡೆನ್ಮಾರ್ಕಿನಿಂದ ಬರಿಗೈಯಲ್ಲಿ ವಲಸೆ ಬಂದವರು. ಆ ನಗರದ ಬಾಡಿಗೆ ಕಟ್ಟಡಗಳಲ್ಲಿ ಕಿಟಕಿಯಿಲ್ಲದ ಕೋಣೆಗಳೊಳಗೆ ಬಡವರು ಒತ್ತೊತ್ತಾಗಿ ಮಲಗುತ್ತಿದ್ದರು. ಬಾಯಲ್ಲಿ ಹೇಳಿದರೆ ನಂಬುವವರಿರಲಿಲ್ಲ. ರೀಸ್ ರಾತ್ರಿ ಹೊತ್ತು ಅಲ್ಲಿಗೆ ಹೋಗಿ ಆ ಪುಡಿ ಉರಿಸಿ ಫೋಟೋ ತೆಗೆದರು. 1890ರಲ್ಲಿ ಅವರ ಪುಸ್ತಕ ಬಂತು. ಅವರಂಥ ಹಲವರ ಪ್ರಯತ್ನದ ಬಳಿಕ 1901ರಲ್ಲಿ ಬಾಡಿಗೆ ಕಟ್ಟಡಗಳಿಗೆ ಗಾಳಿ-ಬೆಳಕು ಕಡ್ಡಾಯ ಮಾಡುವ ಕಾನೂನು ನ್ಯೂಯಾರ್ಕಿನಲ್ಲಿ ಬಂತು.

ನೋಡಿ, ಮನೆಯೊಳಗಿನ ಕುಂದನ್ನು ಲೋಕಕ್ಕೆ ತೋರಿಸಲು ಬಳಕೆಯಾದ ಅದೇ ಬೆಳಕನ್ನು ನಾವಿಂದು ಕುಂದು ಮುಚ್ಚಲು ಬಳಸುತ್ತಿದ್ದೇವೆ.

ಒದ್ದೆ ಧಾನ್ಯದ ರಾಶಿ

ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಒಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿದ ಘಟನೆ ನಮಗೆಲ್ಲ ಗೊತ್ತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದಾಗ, ಜನರಿಗೆ ಕಾಣುವಂತೆ ನೆನೆದದ್ದನ್ನು ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ಆ ಮನುಷ್ಯನೂ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಒಣಗಿದ್ದು ಮೇಲಿತ್ತು, ಒದ್ದೆಯದು ಕೆಳಗಿತ್ತು, ಅಷ್ಟೆ. ಭಟ್ಕಳದ ಆ ಗೋಡೆಯೂ ಮಳೆಗೇ ನೆನೆದದ್ದು.

ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾಗದ ಮುಖ್ಯ ದೋಷವಿದ್ದರೆ ಅದನ್ನು ತಿಳಿಸಲೇಬೇಕು. ಬಿಲ್ಡರುಗಳ ಹೊಸ ಫ್ಲ್ಯಾಟುಗಳಾದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 12ನೇ ಕಲಂ ಇದೆ. ಸುಳ್ಳು ಜಾಹೀರಾತನ್ನು ನಂಬಿ ಹಣ ಕೊಟ್ಟು ನಷ್ಟಪಟ್ಟವರಿಗೆ ಬಿಲ್ಡರು ಪರಿಹಾರ ಕೊಡಬೇಕಾಗುತ್ತದೆ.

ನಮ್ಮ ಊರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಕೆಂಪು ಕಲ್ಲು ತೂತು ತೂತಾದ ಕಲ್ಲು, ನೀರು ಹೀರುತ್ತದೆ. ಮುಂಗಾರಿನ ಗಾಳಿ ಕಡಲಿನಿಂದ ಬೀಸುವುದರಿಂದ ಪಡುವಣ ಗೋಡೆಗೆ ಎರಚಲು ಹೆಚ್ಚು. ಹಿಂದಿನವರು ಮಳೆಗಾಲಕ್ಕೆ ಮುಂಚೆ ಆ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಸುರಿದ ಭಾರೀ ಮಳೆಗೆ ಪೇಟೆಯ ಅಂಗಡಿ-ಮನೆಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಅಂದು ನೀರು ಎಲ್ಲಿಯವರೆಗೆ ಬಂದಿತ್ತು ಎಂದು ತಿಳಿಯುವ ಹಕ್ಕು ಕೊಳ್ಳುವವರಿಗಿದೆ.

ಕೊಳ್ಳುವವರು ನೀವಾದರೆ ಇಷ್ಟು ಕೇಳಿ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು, ಗೋಡೆಯುದ್ದಕ್ಕೂ ಬೆಳಕು ಹರಿಯುವಂತೆ ಮಾಡಿ ಒಂದು ಫೋಟೋ ಕಳುಹಿಸಲು ಹೇಳಿ. ಗುಳ್ಳೆ, ಬಿರುಕು ಇದ್ದರೆ ತಾನಾಗಿ ಎದ್ದು ಕಾಣುತ್ತದೆ. ಕೋಣೆಯ ಉದ್ದಗಲವನ್ನು ಅಡಿಗಳಲ್ಲಿ ಕೇಳಿ. ಅಗಲ ಕಾಣಿಸುವ ಲೆನ್ಸಿನಲ್ಲಿ 10 ಅಡಿಯ ಕೋಣೆಯೂ ಮದುವೆ ಹಾಲಿನಂತೆ ಕಾಣುತ್ತದೆ. ಫೋಟೋದ ಅಂಚಿನಲ್ಲಿರುವ ಮಂಚವೋ ಮೇಜೋ ಎಳೆದಂತೆ ಉದ್ದವಾಗಿದ್ದರೆ ಅದೇ ಗುರುತು. ಸಾಧ್ಯವಾದರೆ ಮಳೆಗಾಲದಲ್ಲಿ ಒಮ್ಮೆ ವೀಡಿಯೋ ಕರೆಯಲ್ಲಿ ಮನೆ ನೋಡಿ.

ಮೂರನೆಯ ಸಲ

ಹೊನ್ನಾವರದ ತಂಗಿ ಸಾಲ ಮಾಡಿ ತನ್ನ ಪಾಲಿನ ಮುಂಗಡ ಹಿಂದಿರುಗಿಸಿದಳು. ಮಳೆ ನಿಂತ ಮೇಲೆ ಅವಳೂ ಮಗಳೂ ಎರವಲು ತಂದ ಕ್ಯಾಮರಾ, ಒಂದು ಫ್ಲ್ಯಾಶ್, ಒಂದು ಬಿಳಿ ಬೆಡ್‌ಶೀಟು ಹಿಡಿದು ಭಟ್ಕಳದ ಬಸ್ಸು ಹತ್ತಿದರು. ಇಡೀ ದಿನ ಕೂತು ಹದಿನೈದು ಫೋಟೋ ತೆಗೆದರು. ಕೋಣೆಗಳು ಗುಹೆಯಂತೆಯೂ ಇರಲಿಲ್ಲ, ಅರಮನೆಯಂತೆಯೂ ಇರಲಿಲ್ಲ. ನಾವು ಒಳಗೆ ಹೋದಾಗ ಕಣ್ಣಿಗೆ ಕಾಣುವಂತೆಯೇ ಇದ್ದವು. ಕೊನೆಯದು ಟಾರ್ಚಿನ ಬೆಳಕಿನಲ್ಲಿ ತೆಗೆದ ಪಡುವಣ ಗೋಡೆ. ಅದರ ಕೆಳಗೆ ಮಗಳು ಬರೆದಳು: “ಈ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ಮಾಡಿನ ಅಂಚಿನ ಹೆಂಚು ಒಡೆದಿದೆ.”

ದುಬೈಯ ಅಣ್ಣನಿಗೆ ಮೊದಲು ಸಿಟ್ಟು ಬಂತಂತೆ. “ನಮ್ಮ ಮನೆಯ ಕುಂದನ್ನು ನಾವೇ ಸಾರುವುದೇ?” ಎಂದರಂತೆ. ತಂಗಿ, “ಭಾಯಿ, ಜುಲೈಯಲ್ಲಿ ಆ ಮನುಷ್ಯನ ಎದುರು ನಿಂತದ್ದು ನಾನು, ನೀವಲ್ಲ” ಎಂದಳು. ಅಣ್ಣ ಮತ್ತೆ ಮಾತಾಡಲಿಲ್ಲ.

ಮನೆ ಮಾರಾಟವಾಯಿತು. ಮೊದಲಿನವರು ಹೇಳಿದ್ದಕ್ಕಿಂತ ಬೆಲೆ ಕಡಿಮೆಯೇ. ಗೋಡೆ, ಹೆಂಚಿನ ರಿಪೇರಿಯ ಖರ್ಚನ್ನು ಲೆಕ್ಕ ಹಾಕಿ ಕೊಂಡವರು ಮುರಿದುಕೊಂಡರು. ಅವಳ ಪಾಲಿಗೂ ಅಷ್ಟು ಕಡಿಮೆ ಬಂತು. ಸಾಲ ತೀರಿಸಿ, ಮಗಳ ಮುಂದಿನ ವರ್ಷದ ಶುಲ್ಕಕ್ಕೆ ಉಳಿಯಿತು.

“ಕಡಿಮೆ ಬಂತಲ್ಲ, ಬೇಜಾರಿಲ್ಲವೇ?” ಎಂದು ಕೇಳಿದೆ.

“ಇದೆ ಆಪಾ. ಆದರೆ ಈ ಜುಲೈಯಲ್ಲಿ ಮಳೆ ಜೋರಾಗಿ ಬಂದಾಗ ನಾನು ನಿದ್ದೆ ಮಾಡಿದೆ” ಎಂದಳು.